ಬೇಳೆ ಬೇಯಿಸಿ ಹಿಡಿದ ಬಾಡಿಗೆ ಮನೆ

‘ಆಗದ ಮಾತು’ ಎಂದವರು ನಮ್ಮ ಬಸಪ್ಪ ಕಾಕಾ. ಒಂದೇ ಉಸಿರಿನಲ್ಲಿ ಎರಡು ಸಂಗತಿಗಳನ್ನು ಅವರು ಆಗದವುಗಳ ಪಾಲಿಗೆ ಹಾಕಿಬಿಟ್ಟರು.

“ಗಾಳಿ ತಿನ್ನಾಕ ಬ್ಯಾರೆ ಊರಾಗ ಬಾಡಿಗಿ ಮನಿ ಹಿಡಿಯೂದಾ? ಆಗದ ಮಾತು. ಈ ಕಡ್ಡಿಯಂಥಾ ಹುಡುಗಿ ಮುಲ್ಕಿ ಪಾಸಾಗೂದಾ? ಅದೂ ಆಗದ ಮಾತು.”

ಐವತ್ತರ ದಶಕದ ನಮ್ಮೂರು ಬೆಳವಣಕಿಯಲ್ಲಿ ಕಾಕಾನ ಮಾತು ತಪ್ಪೆಂದು ಯಾರೂ ಹೇಳುವಂತಿರಲಿಲ್ಲ. ಬಾಡಿಗೆ ಮನೆ ಎಂದರೆ ವರ್ಗವಾಗಿ ಬರುವ ಮಾಸ್ತರರಿಗೆ, ಪೊಲೀಸರಿಗೆ. ಸ್ವಂತ ಮಾಳಿಗೆ ಮನೆ, ಎತ್ತು, ಹೊಲ ಇದ್ದ ಒಕ್ಕಲಿಗರು ಇನ್ನೊಬ್ಬರ ಸೂರಿನಡಿ ಹೋಗಿ ಕೂತರೆ ಊರಿಗೆ ಒಂದೇ ಅರ್ಥ: ಅಣ್ಣತಮ್ಮಂದಿರು ಬೇರೆಯಾಗಿದ್ದಾರೆ. ಇನ್ನು ಮುಲ್ಕಿ. ಏಳನೆಯ ಇಯತ್ತೆಯ ಆ ಪರೀಕ್ಷೆ ಪಾಸಾದವರು ಶಾಲೆಯಲ್ಲಿ ಮಕ್ಕಳಿಗೆ ಕಲಿಸಬಹುದಾಗಿದ್ದ ಕಾಲ ಅದು. ನಮ್ಮ ಮನೆತನದಲ್ಲಿ ಗಂಡಸರೇ ಅಲ್ಲಿಯವರೆಗೆ ಹೋಗಿರಲಿಲ್ಲ.

ಆ ವರ್ಷ ದೀಪಾವಳಿಯ ಹೊತ್ತಿಗೆ ನನಗೆ ವಿಷಮಶೀತ ಜ್ವರ ಬಂದಿತ್ತು. ಜ್ವರ ಇಳಿದಾಗ ತಲೆಗೂದಲು ಉದುರಿ, ಕಾಲು ಹತ್ತಿಕಟ್ಟಿಗೆಯಂತಾಗಿದ್ದವು. ಅಂಗಳ ದಾಟುವುದರೊಳಗೆ ಕೂತುಬಿಡುತ್ತಿದ್ದೆ. ಅಪ್ಪ ಚಕ್ಕಡಿಯಲ್ಲಿ ಮಲಗಿಸಿಕೊಂಡು ರೋಣದ ದವಾಖಾನೆಗೆ ಒಯ್ದರು. ಡಾಕ್ಟರು ನಾಡಿ ಹಿಡಿದು ನೋಡಿ, “ಔಷಧ ಸಾಕ್ರಿ. ಇಕಿಗೆ ಹವಾ ಬದಲಾಗಬೇಕು. ಗಜೇಂದ್ರಗಡದ ಕಡೆ ಗುಡ್ಡದ ಗಾಳಿ ಚಲೋ ಐತಿ. ಗುಡ್ಡ ಕಾಣೂವಂಥಾ ಒಂದು ಮನಿ ನೋಡ್ರಿ” ಎಂದರು.

ಕಾಕಾ ಆಗಲೇ ನರಗುಂದದ ಕಡೆಯ ಒಂದು ಸಂಬಂಧವನ್ನು ನೋಡಿಟ್ಟಿದ್ದರು. ಅಪ್ಪ ತಮ್ಮನ ಮಾತನ್ನು ತೆಗೆದುಹಾಕುವವರಲ್ಲ, ಓದುತ್ತೇನೆಂಬ ಮಗಳ ಮಾತನ್ನೂ ತೆಗೆದುಹಾಕುವವರಲ್ಲ. ಕೊನೆಗೆ ನಡುವಿನ ದಾರಿ ಹಿಡಿದರು: ಈ ವರ್ಷ ಪರೀಕ್ಷೆಗೆ ಕೂತರೆ ಶಾಲೆ, ತಪ್ಪಿದರೆ ಮದುವೆ. ಆಗ ಸೊಂಟಕ್ಕೆ ಸೆರಗು ಸಿಕ್ಕಿಸಿ ಎದ್ದು ನಿಂತವಳು ಶಿವವ್ವ ಅತ್ತೆ, ಅಪ್ಪ ಮತ್ತು ಕಾಕಾ ಇಬ್ಬರಿಗೂ ಅಕ್ಕ. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ಮನೆಯ ಅರ್ಧ ದುಡಿಮೆ ತಾನೇ ಹೊತ್ತವಳು. “ಹುಡುಗೀನ ನಾ ಕರಕೊಂಡ ಹೊಕ್ಕೀನಿ. ಮನೀನೂ ನಾನ ನೋಡ್ತೀನಿ. ನಿಮಗ ಗಂಡಸರಿಗೆ ಮನಿ ಏನ್ ತಿಳೀತೈತಿ?” ಎಂದಳು.

ಮನೆ ನೋಡಲು ಹೊರಟ ಚಕ್ಕಡಿಯಲ್ಲಿ ಅತ್ತೆ ಏರಿಸಿದ್ದು ಒಂದು ಸಣ್ಣ ಗಡಿಗೆ, ಮೂರು ಒಲೆಗಲ್ಲು, ಒಂದು ಗಂಟು ತೊಗರಿಬೇಳೆ. ನಮ್ಮ ಕಡೆ ಬಾವಿಗಳೆಲ್ಲ ಸವಳು. ಆ ಉಪ್ಪು ನೀರಿನಲ್ಲಿ ಬೇಳೆ ಹೊತ್ತು ಮುಳುಗುವತನಕ ಕುದ್ದರೂ ಕಾಳು ಕಾಳಾಗಿಯೇ ಉಳಿಯುತ್ತದೆ. ಬೇಳೆ ಬೇಯದ ನೀರು ಕುಡಿದರೆ ಮೈ ಹಿಡಿಯುವುದಿಲ್ಲ ಎಂಬುದು ಅತ್ತೆಯ ಸಿದ್ಧಾಂತ. ಗುಡ್ಡ, ಗಾಳಿ ಎಲ್ಲ ಆಮೇಲೆ.

ಮೊದಲ ಮನೆ ಸೂಡಿಯಲ್ಲಿ. ಊರ ಹಳೆಯ ಹೊಂಡದ ಹತ್ತಿರ, ಕಲ್ಲಿನ ಕಟ್ಟೆ, ಮುಂದೊಂದು ಬೇವಿನ ಮರ. ನನಗೆ ನೋಡಿದ ಕೂಡಲೇ ಮನಸ್ಸು ಹೋಯಿತು. ಅತ್ತೆ ಒಳಗೆ ಕಾಲಿಡಲೇ ಇಲ್ಲ. ಅಂಗಳದಲ್ಲಿ ಕಲ್ಲು ಹೂಡಿ, ಅವರ ಬಾವಿಯ ನೀರು ಸೇದಿ, ಬೇಳೆ ಇಟ್ಟಳು. ಮನೆಯ ಯಜಮಾನಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳು.

“ಯಕ್ಕಾ, ಮನಿ ನೋಡಾಕ ಬಂದೀಯೋ, ಅಡಗಿ ಮಾಡಾಕ ಬಂದೀಯೋ?”

“ಮನಿ ಎಲ್ಲೂ ಓಡಿ ಹೋಗಂಗಿಲ್ಲವಾ. ಬ್ಯಾಳಿ ಬೇಯ್ಲಿ, ಆಮ್ಯಾಲ ನೋಡೂಣು.”

ಬೇಳೆ ಬೇಯಲಿಲ್ಲ. ಅತ್ತೆ ಒಂದು ಕಾಳು ತೆಗೆದು ಹಲ್ಲಿನಲ್ಲಿಟ್ಟು ಕಟ್ ಎನಿಸಿದಳು. “ಮನಿ ಭಾಳ ಚಂದ ಐತಿ. ಪರೀಕ್ಷಾ ಆದಮ್ಯಾಲ ನಮ್ಮ ನೀಲಾನ ಲಗ್ನ ಇಲ್ಲೇ ಮಾಡೂಣು” ಎಂದು ನನ್ನ ಕಡೆ ಕೈ ಮಾಡಿ, ನಗುತ್ತ ಗಡಿಗೆ ಎತ್ತಿದಳು. ಯಜಮಾನಿಗೂ ನಗು ತಡೆಯಲಾಗಲಿಲ್ಲ. ಹೋಗುವವರಿಗೆ ಉಡಿ ತುಂಬ ಸುಲಗಾಯಿ ಹಾಕಿ ಕಳಿಸಿದಳು. ಆ ಹಸಿ ಕಡಲೆಯ ಹುಳಿ ಬೆರಳಿಗೆ ಅಂಟಿಕೊಂಡು ಗಜೇಂದ್ರಗಡದವರೆಗೂ ಬಂತು.

ಎರಡನೆಯದು ಗಜೇಂದ್ರಗಡದ ಪೇಟೆಯಲ್ಲಿ, ಅಟ್ಟದ ಮೇಲಿನ ಕೋಣೆ. ಅಲ್ಲಿಂದ ಕೋಟೆ ಕಾಣುತ್ತಿತ್ತಂತೆ. ಬೇಳೆ ಅರೆಬೆಂದಿತು. ಆದರೆ ಆ ಕಡಿದಾದ ಮೆಟ್ಟಿಲು ಹತ್ತಲು ನನ್ನಿಂದ ಆಗಲಿಲ್ಲ, ನಡುವೆಯೇ ಕೂತೆ. ಅತ್ತೆ ನನ್ನನ್ನು ಎತ್ತಿಕೊಂಡು ಇಳಿದಳು.

ಮೂರನೆಯ ಮನೆ ಊರ ಹೊರಗೆ, ಕಾಲಕಾಲೇಶ್ವರನ ಗುಡ್ಡದ ಬುಡದಲ್ಲಿ. ಅರಳೆ ವ್ಯಾಪಾರದ ಇಮಾಮಸಾಬರು ತಮ್ಮ ತಾಯಿಗಾಗಿ ಹೊಲದಲ್ಲಿ ಕಟ್ಟಿಸಿದ್ದು. ತಾಯಿ ತೀರಿಕೊಂಡ ಮೇಲೆ ಖಾಲಿ ಇತ್ತು. ಒಂದೇ ಕೋಣೆ, ಒಂದು ಪಡಸಾಲೆ, ಗುಡ್ಡದ ಕಡೆಗೆ ಎರಡು ದೊಡ್ಡ ಕಿಟಕಿ. ಅತ್ತೆ ಒಲೆ ಹೂಡುವುದನ್ನು ನೋಡಿ ಸಾಬರು ಏನೂ ಕೇಳಲಿಲ್ಲ, ತಾವೇ ಹತ್ತಿಕಟ್ಟಿಗೆ ತಂದು ಹಾಕಿದರು. ಒರತೆಯ ನೀರು. ಸಾಬರು ಬಾಯಿಗೆ ಹಾಕಿಕೊಂಡ ಎಲೆ ಕೆಂಪಾಗುವುದರೊಳಗೆ ಬೇಳೆ ಕರಗಿ ಹಿಟ್ಟಾಗಿತ್ತು.

“ಮನೀ ಒಳಗ ನೋಡಂಗಿಲ್ಲೇನ್ರಿ, ಅವ್ವಾರ?”

“ನೋಡಿದ್ದಾತು ಬಿಡ್ರಿ” ಎಂದಳು ಅತ್ತೆ.

ಬಾಡಿಗೆಗೆ ನಮ್ಮ ಹೊಲದ ಜೋಳ, ಕಡಲೆ ಕೊಡುವುದೆಂದು ಮಾತಾಯಿತು. ಸಂಕ್ರಾಂತಿ ಮುಗಿಸಿ ನಾವಿಬ್ಬರೂ ಆ ಮನೆ ಹೊಕ್ಕೆವು.

ಹೊಕ್ಕ ಸಂಜೆಯೇ ಅತ್ತೆ ಮಾಡಿದ ಮೊದಲ ಕೆಲಸ ಕಿಟಕಿಗಳನ್ನು ಮುಚ್ಚಿದ್ದು. ಒಂದಕ್ಕೆ ಹೊದೆಯುವ ಕೌದಿ ಕಟ್ಟಿದಳು, ಇನ್ನೊಂದಕ್ಕೆ ಗೋಣಿತಟ್ಟು ತುರುಕಿದಳು. ನಮ್ಮ ಮಾಳಿಗೆ ಮನೆಗಳಲ್ಲಿ ಕಿಟಕಿ ಎಂಬುದೇ ಇರುತ್ತಿರಲಿಲ್ಲ. ಮೇಲೊಂದು ಬೆಳಕಿಂಡಿ, ಅಷ್ಟೇ. ಜ್ವರ ಬಿಟ್ಟ ಮೈಗೆ ಗಾಳಿ ಹೊಕ್ಕರೆ ಏನು ಗತಿ ಎಂಬ ಭಯ ಅವಳಿಗೆ. ಗಾಳಿಗಾಗಿ ಊರು ಬಿಟ್ಟು ಬಂದ ನಾವು ಗಾಳಿಯನ್ನು ಹೊರಗಿಟ್ಟು, ಮಟಮಟ ಮಧ್ಯಾಹ್ನ ಚಿಮಣಿ ಹಚ್ಚಿಕೊಂಡು ಕೂತೆವು. ಸೀಮೆಎಣ್ಣೆಯ ಹೊಗೆಗೆ ನಾನು ಕೆಮ್ಮಿದರೆ ಅತ್ತೆ ಇನ್ನೊಂದು ಸಂದಿ ಹುಡುಕಿ ಅರಿವೆ ತುರುಕುತ್ತಿದ್ದಳು.

ಒಂದು ದಿನ ಹಾಲು ಕೊಡಲು ಬಂದ ಇಮಾಮಸಾಬರು ಬಾಗಿಲಲ್ಲೇ ನಿಂತು ಕಿಟಕಿ ನೋಡಿದರು.

“ಅವ್ವಾರ, ನಮ್ಮ ಮನ್ಯಾಗ ಹೆಂಗಸರಿಗೆ ಪರದಾ ಇರತೈತಿ. ನೀವು ಗುಡ್ಡಕ್ಕ ಹಾಕೀರಲ್ರಿ!”

ಅತ್ತೆಗೆ ಸಿಟ್ಟು ಬಂತೋ ನಗು ಬಂತೋ ತಿಳಿಯಲಿಲ್ಲ. ಸಾಬರು ಹೋದ ಮೇಲೆ ನಾನೂ ಬಾಯಿಬಿಟ್ಟೆ.

“ಅತ್ತಿ, ಅಕ್ಷರ ಕಾಣವಲ್ಲವು. ಓದಾಕ ಆಗದಿದ್ರ ನರಗುಂದಕ್ಕ ಹೋಗೂದ ಆಕ್ಕೈತಿ ನೋಡ್.”

ಅವಳು ಎದ್ದು ಕೌದಿಯನ್ನು ಒಂದೇ ಎಳೆತಕ್ಕೆ ಕಿತ್ತಳು. ಗೋಣಿತಟ್ಟನ್ನೂ ಕಿತ್ತಳು. ಗುಡ್ಡ ಇಡಿಯಾಗಿ ಕೋಣೆಯೊಳಗೆ ಬಂದುಬಿಟ್ಟಿತು! ಕೆಂಪು ಬಂಡೆ, ಗುಡಿಗೆ ಏರುವ ಬಿಳಿ ಮೆಟ್ಟಿಲು, ಒಣ ಹುಲ್ಲಿನ ವಾಸನೆ, ಎಲ್ಲೋ ನವಿಲಿನ ಕೂಗು. ಅತ್ತೆ ಕಿಟಕಿಯ ಕಟ್ಟೆಯ ಮೇಲೆ ಕೂತಳು. ಕೈಯಲ್ಲಿ ಕೆಲಸವಿಲ್ಲದೆ ಅವಳು ಕೂತದ್ದನ್ನು ನಾನು ಮೊದಲ ಬಾರಿ ನೋಡಿದ್ದು ಆಗಲೇ. ಬಹಳ ಹೊತ್ತಿನ ಮೇಲೆ, “ಇದನ್ನ ನೋಡ್ಕೋತ ಕುಂತ್ರ ಹೊಟ್ಟಿ ತುಂಬತೈತಿ ಕೂಸ. ಆದ್ರ ರೊಟ್ಟಿ ಆಗಂಗಿಲ್ಲ” ಎಂದು ಎದ್ದಳು.

ಅಲ್ಲಿಂದ ದಿನಗಳು ಹಗುರಾದವು. ಬೆಳಿಗ್ಗೆ ಬಿಸಿ ರೊಟ್ಟಿ, ಬೆಣ್ಣೆ, ಆ ಕರಗುವ ಬೇಳೆಯ ಪಲ್ಯ. ಬಿಸಿಲೇರುವವರೆಗೆ ಕಿಟಕಿಯಲ್ಲಿ ಕೂತು ಭೂಗೋಳ, ಅಂಕಗಣಿತ. ಮಧ್ಯಾಹ್ನ ಸಾಬರ ಮಗಳು ಮುಮ್ತಾಜಳ ಜೊತೆ ಗಜ್ಜುಗದ ಆಟ. ಅವಳು ಸೋತರೆ ಉರ್ದುವಿನಲ್ಲಿ ಬೈಯುತ್ತಿದ್ದಳು, ನಾನು ಸೋತರೆ ಕನ್ನಡದಲ್ಲಿ. ಸಂಜೆ ಹೊಲದ ಬದುವಿನಲ್ಲಿ ಕುಳ್ಳಿನ ಕೆಂಡಕ್ಕೆ ತೆನೆ ಹಿಡಿದು ಸೀತನಿ ಸುಡುತ್ತಿದ್ದೆವು. ಅಂಗೈಯಲ್ಲಿ ತಿಕ್ಕಿ, ಊದಿ, ಬೆಲ್ಲದ ಜೊತೆ ಬಾಯಿಗೆ ಹಾಕಿಕೊಂಡರೆ ಹಾಲು ಒಡೆಯುವ ಎಳೆ ಜೋಳ. ಮೊದಲು ಬದುವಿನವರೆಗೆ ನಡೆದೆ, ಆಮೇಲೆ ಬಾವಿಯವರೆಗೆ, ಆಮೇಲೆ ಗುಡ್ಡದ ಮೊದಲ ಮೆಟ್ಟಿಲವರೆಗೆ. ತಲೆಯ ಮೇಲೆ ಕೂದಲು ಮುಳ್ಳುಮುಳ್ಳಾಗಿ ಎದ್ದಿತು.

ಜೋಳದ ಕೊಯ್ಲು ಜೋರಾದಾಗ ಬಸಪ್ಪ ಕಾಕಾ ಚಕ್ಕಡಿ ಹೂಡಿಕೊಂಡು ಬಂದರು.

“ಅಕ್ಕಾ, ಸುಗ್ಗಿಗೆ ಕೈ ಸಾಲವಲ್ವು. ಗಾಳಿ ತಿಂದಿದ್ದು ಸಾಕು, ಹೊಂಡ್ರಿ. ನರಗುಂದದವರೂ ಹುಡುಗೀನ ನೋಡಾಕ ಬರತೀವಿ ಅಂದಾರ.”

“ಪರೀಕ್ಷಾ ಇನ್ನೂ ಮುಂದ ಐತ್ಯೋ.”

“ಪರೀಕ್ಷಾಕ್ಕ ರೋಣಕ್ಕ ಹೋಗಬೇಕು, ದಿನಾ ಕುಂತು ಬರೀಬೇಕು. ನಿಂತ್ರ ಬೀಳತಾಳ ಇಕಿ. ನೋಡಲ್ಲಿ!”

ಕಾಕಾ ಕೆಟ್ಟವರಲ್ಲ. ಜ್ವರದ ದಿನಗಳಲ್ಲಿ ನನ್ನನ್ನು ಹೆಗಲ ಮೇಲೆ ಹೊತ್ತವರು ಅವರೇ. ಅವರ ಕಣ್ಣಲ್ಲಿ ನಾನು ಇನ್ನೂ ಆ ಹೊರೆಯೇ ಆಗಿದ್ದೆ. ಅತ್ತೆ ವಾದಕ್ಕೆ ಇಳಿಯಲಿಲ್ಲ. ಮೂಲೆಯ ಸಣ್ಣ ಕೊಡ ತೆಗೆದು ನನ್ನ ಕೈಗೆ ಕೊಟ್ಟಳು.

“ಗುಡಿ ಹೊಂಡದಿಂದ ನೀರ ತಗೊಂಡ ಬಾ. ಎಲ್ಲೂ ಕುಂದರಬ್ಯಾಡ.” ತಮ್ಮನ ಕಡೆ ತಿರುಗಿ, “ನೀ ಕಿಟಕ್ಯಾಗ ಕುಂದರು. ಇಲ್ಲಿಂದ ಎಲ್ಲಾ ಮೆಟ್ಟಿಲ ಕಾಣತಾವ. ಒಂದು ಕಡೆ ಕುಂತಳೋ, ನಾನ ಗಂಟ ಕಟ್ಟಿ ಚಕ್ಕಡಿ ಹತ್ತತೀನಿ” ಎಂದಳು.

ಹೊರಟೆ. ಅಲ್ಲಿಯವರೆಗೆ ಅರ್ಧಕ್ಕಿಂತ ಮೇಲೆ ನಾನು ಹತ್ತಿದವಳೇ ಅಲ್ಲ. ಅರ್ಧಕ್ಕೆ ಬಂದಾಗ ತೊಡೆ ನಡುಗಲು ಹಿಡಿಯಿತು. ಬಂಡೆಗೆ ಬೆನ್ನು ಹಚ್ಚಿ ನಿಂತೆ, ಕೂರಲಿಲ್ಲ. ಕೆಳಗೆ ನೋಡಿದರೆ ನಮ್ಮ ಮನೆ ಬೆಂಕಿಪೆಟ್ಟಿಗೆಯಷ್ಟು, ಅದರ ಕಿಟಕಿಯಲ್ಲಿ ಕಾಕಾನ ತಲೆಯ ಬಿಳಿ ಪಟಗ ಒಂದು ಚುಕ್ಕೆ. ಆ ಚುಕ್ಕೆಯ ಮೇಲೆ ಬಂದ ಸಿಟ್ಟು ನನ್ನನ್ನು ಮೇಲೆ ಹತ್ತಿಸಿತು. ಗುಡಿಯ ಹೊಂಡದ ನೀರು ಹಿಮದಂತಿತ್ತು. ಕೊಡ ತುಂಬಿ ಸೊಂಟದ ಮೇಲಿಟ್ಟುಕೊಂಡೆ. ಇಳಿಯುವುದೇ ಕಷ್ಟವಾಯಿತು. ನೀರು ತುಳುಕಿ ಲಂಗ ತೊಯ್ದು ಕಾಲಿಗೆ ಸುತ್ತಿಕೊಂಡಿತು. ಕೂರಲಿಲ್ಲ.

ಕೊಡವನ್ನು ಕಾಕಾನ ಮುಂದೆ ಇಳಿಸಿ ಗೋಡೆ ಹಿಡಿದು ನಿಂತೆ. ಅವರು ಒಂದು ತಂಬಿಗೆ ನೀರು ಕುಡಿದರು. ಮೀಸೆ ಒರೆಸಿಕೊಂಡರು.

“ಹೂಂ. ಪರೀಕ್ಷಾಕ್ಕ ಕುಂದರ್ಲಿ. ಪಾಸಾಗೂದು ಬ್ಯಾರೆ ಮಾತು.”

ಚಕ್ಕಡಿ ನಮ್ಮಿಬ್ಬರನ್ನು ಬಿಟ್ಟು ಕಾಕಾ ಒಬ್ಬರನ್ನೇ ಕರೆದುಕೊಂಡು ಬೆಳವಣಕಿಗೆ ಹೋಯಿತು. ಆ ವರ್ಷ ಅತ್ತೆಯ ಪಾಲಿನ ಕೊಯ್ಲನ್ನು ಕಾಕಾನೇ ಮಾಡಿದರೆಂದು ಅವ್ವ ಆಮೇಲೆ ಹೇಳಿದಳು.

ಮುಂದೆ ಧಾರವಾಡದಲ್ಲಿ ಓದಿ ಬಿ.ಎ. ಮುಗಿಸಿದೆ. ನಮ್ಮ ಮನೆತನದ ಮೊದಲ ಪದವಿ ಅದು. ಅದರ ಹೆಮ್ಮೆ ನನಗಿದೆ, ಮುಚ್ಚಿಡುವುದಿಲ್ಲ. ನೌಕರಿ ಸೇರಿದ ಮೇಲೆ ರಜೆಗೆಂದು ಎಷ್ಟೋ ಕಡೆ ಹೋಗಿ ಇಳಿದುಕೊಂಡಿದ್ದೇನೆ. ಚಿತ್ರ ನೋಡಿ ಆರಿಸಿದ ಕೋಣೆಗಳು, ಕಣಿವೆಗೆ ತೆರೆದ ಗಾಜಿನ ಗೋಡೆಗಳು. ಎರಡು ದಿನಕ್ಕೆ ಹೋಗುತ್ತೇವೆ, ಮೂರನೆಯ ದಿನ ಗಂಟು ಕಟ್ಟುತ್ತೇವೆ. ಮನೆ ಕೊಟ್ಟವರ ಮುಖವನ್ನೂ ನೋಡಿರುವುದಿಲ್ಲ. ಇಮಾಮಸಾಬರ ಆ ಮನೆ ಬಿದ್ದು ಎಷ್ಟೋ ಕಾಲವಾಯಿತು. ಮುಮ್ತಾಜಳ ಮದುವೆಯಾದ ಮೇಲೆ ಅವಳ ಸುದ್ದಿಯೂ ಸಿಗಲಿಲ್ಲ. ಸುಗ್ಗಿಯ ನಡುವೆ ದುಡಿಯುವ ಎರಡು ಕೈಗಳನ್ನು ಒಂದು ಹುಡುಗಿಯ ಸಲುವಾಗಿ ಬಿಟ್ಟುಕೊಟ್ಟ ನಮ್ಮ ಮನೆಯ ಆ ಪುರುಸೊತ್ತು ಈಗ ಯಾರಲ್ಲಿದೆಯೋ ನಾನು ಕಾಣೆ.

ಆ ವರ್ಷ ಮುಲ್ಕಿಯ ಫಲಿತಾಂಶ ಬಂದ ಮೇಲೆ ರೋಣದ ಶಾಲೆಯ ಅಂಗಳದಲ್ಲಿ ಹೆಡ್ ಮಾಸ್ತರರು ಪಾಸಾದವರ ಹೆಸರು ಕೂಗಿ ಸರ್ಟಿಫಿಕೇಟು ಕೊಟ್ಟರು. ನಾನು ನೇರ ಹೋಗಿ ಅತ್ತೆಯ ಕೈಯಲ್ಲಿಟ್ಟೆ. ಅವಳು ಸೆರಗಿಗೆ ಕೈ ಒರೆಸಿಕೊಂಡು, ಬಿಸಿ ರೊಟ್ಟಿ ಹಿಡಿದಂತೆ ಎರಡೂ ಅಂಗೈಯಲ್ಲಿ ಹಿಡಿದಳು.

“ಇದರಾಗ ನಿನ್ನ ಹೆಸರ ಎಲ್ಲೈತಿ?”

ಅವಳ ಬೆರಳು ಹಿಡಿದು ಹೆಸರಿನ ಮೇಲೆ ಇಟ್ಟೆ. ಬಗ್ಗಿ ನೋಡಿದಳು, ಹುಬ್ಬು ಗಂಟಿಕ್ಕಿದಳು.

“ಇಷ್ಟ ಸಣ್ಣಕ ಬರದಾರಲ್ಲ! ಮುಂದಿನದರಾಗ ದೊಡ್ಡದಾಗಿ ಬರೀರಿ ಅಂತ ಹೇಳು.”