ಐದನೇ ಮಹಡಿಯ ಪಾರಿವಾಳಗಳು

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಲ್ಲರೂ ನನ್ನನ್ನು ಆರ್ಟಿಸ್ಟ್ ಆಂಟಿ ಎನ್ನುತ್ತಾರೆ. ಗಣೇಶನ ಹಬ್ಬದ ಪರದೆ, ಮಕ್ಕಳ ಶಾಲೆಯ ಚಾರ್ಟು, ಸಂಕ್ರಾಂತಿಯ ರಂಗೋಲಿ, ಎಲ್ಲಕ್ಕೂ ನನ್ನ ಬಾಗಿಲನ್ನೇ ತಟ್ಟುತ್ತಾರೆ. ನಿಜ ಹೇಳಬೇಕೆಂದರೆ, ನಾನು ನಿವೃತ್ತಿಯಾಗುವ ತನಕ ಪೀಣ್ಯದ ಕಡೆಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ನಕ್ಷೆ ನಕಲು ಮಾಡುತ್ತಿದ್ದವಳು. ಎಂಜಿನಿಯರ್ ಪೆನ್ಸಿಲಿನಲ್ಲಿ ಬರೆದದ್ದರ ಮೇಲೆ ತೆಳು ಹಾಳೆ ಹಾಸಿ, ಅವನ ಗೆರೆಗಳನ್ನು ಇದ್ದ ಹಾಗೇ ಇಂಕಿನಲ್ಲಿ ಇಳಿಸುವುದು ನನ್ನ ಕೆಲಸವಾಗಿತ್ತು. ಒಂದು ಗೆರೆ ಬಿಟ್ಟರೂ ಕೆಳಗೆ ಮೆಷಿನ್ನಿನ ಹತ್ತಿರ ತಪ್ಪು ಭಾಗ ತಯಾರಾಗುತ್ತಿತ್ತು, ಬೈಗುಳ ಮಾತ್ರ ಸರಿಯಾಗಿ ನನ್ನ ಮೇಜಿಗೇ ಬರುತ್ತಿತ್ತು. ಆಮೇಲೆ ಕಂಪ್ಯೂಟರ್ ಬಂತು, ಇಂಕು ಹೋಯಿತು, ಚಟ ಉಳಿಯಿತು. ಕಣ್ಣೆದುರು ಇದ್ದದ್ದನ್ನು ಬಿಟ್ಟು ಬರೆಯುವುದು ನನ್ನ ಕೈಗೆ ಬರುವುದೇ ಇಲ್ಲ. ಅದೊಂದು ದೊಡ್ಡ ಗುಣವೆಂದು ಬೀಗುತ್ತಿದ್ದೆ.

ನಾಗಸಂದ್ರ ಮೆಟ್ರೋ ಸ್ಟೇಷನ್ನಿನ ಹಿಂದಿರುವ ನಮ್ಮ ಬಡಾವಣೆಯವರು ಈ ವರ್ಷ ಒಂದು ಭಾನುವಾರ ಬೆಳಿಗ್ಗೆ ಪಾರ್ಕಿನಲ್ಲಿ ಚಿತ್ರ ಬರೆಯುವ ಸ್ಪರ್ಧೆ ಇಟ್ಟರು. ದೊಡ್ಡವರು ಚಿಕ್ಕವರು ಯಾರು ಬೇಕಾದರೂ ಬರಬಹುದು. ಷರತ್ತು ಒಂದೇ, ಕೂತ ಜಾಗದಿಂದ ಏನು ಕಾಣುತ್ತದೋ ಅದನ್ನೇ ಬರೆಯಬೇಕು. ಇಷ್ಟು ಹೇಳಿದರೂ ಅರ್ಧಕ್ಕರ್ಧ ಜನ ಎರಡು ಗುಡ್ಡಗಳ ನಡುವೆ ಸೂರ್ಯನನ್ನು ಹುಟ್ಟಿಸಿದರು. ತುಮಕೂರು ರಸ್ತೆಯ ಪಕ್ಕ ಗುಡ್ಡ ಎಲ್ಲಿಂದ ಬರಬೇಕು? ಇನ್ನುಳಿದವರು ಮೆಟ್ರೋ ಸೇತುವೆಯ ಕಡೆ ಮುಖ ಮಾಡಿ ಕೂತರು. ನಾನು ಹೊಂಗೆ ಮರದ ಕೆಳಗೆ ಚಾಪೆ ಹಾಸಿಕೊಂಡು ನಮ್ಮದೇ ಕಟ್ಟಡವನ್ನು ಬರೆಯತೊಡಗಿದೆ. ಕಿಟಕಿಗಳು, ಪೈಪುಗಳು, ಮಾಸಿದ ಬಣ್ಣ, ಒಣಹಾಕಿದ ಟವೆಲ್ಲು, ಒಂದನ್ನೂ ಬಿಡಲಿಲ್ಲ.

ಅಷ್ಟರಲ್ಲಿ ಐದನೇ ಮಹಡಿಯ ಮೂಲೆಯ ಬಾಲ್ಕನಿಗೆ ಅಜ್ಜಿ ಬಂದರು.

ಅಜ್ಜಿ ನಮ್ಮ ಎದುರು ಮನೆಯವರು. ಹಾವೇರಿಯ ಕಡೆಯವರು. ಮಗ ಸೊಸೆ ಇಬ್ಬರೂ ವೈಟ್‌ಫೀಲ್ಡಿನಲ್ಲಿ ಕೆಲಸ ಮಾಡುತ್ತಾರೆ, ಬೆಳಗಾಗುವ ಮೊದಲೇ ಕ್ಯಾಬ್ ಬಂದು ನಿಂತಿರುತ್ತದೆ; ರಜೆಯ ದಿನ ಅವರು ಏಳುವುದೇ ತಡ. ಅಜ್ಜಿ ಸ್ನಾನ ಮಾಡಿ, ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸಿ, ಸ್ಟೀಲಿನ ಬಟ್ಟಲಿನಲ್ಲಿ ಜೋಳ ಹಿಡಿದು ಬಾಲ್ಕನಿಗೆ ಬರುತ್ತಾರೆ. ಪಾರಿವಾಳಗಳು ತಿಂದು ಹೋದ ಮೇಲೆಯೇ ಅವರ ತಿಂಡಿ. ಯಾಕಮ್ಮ ಹೀಗೆ ಎಂದು ಒಮ್ಮೆ ಕೇಳಿದ್ದೆ.

"ಒಂದು ಜೀವಕ್ಕರ ಉಣಿಸಿ ಆಮ್ಯಾಲೆ ನಾವು ಉಣ್ಣಬೇಕು ತಂಗಿ. ದಾಸೋಹ ಅಂದ್ರ ಅದ. ಊರಾಗ ಯಾರರ ಬಂದಾ ಬರ್ತಿದ್ರು. ಇಲ್ಲಿ ಯಾರು ಬರ್ತಾರ? ಕೊರಿಯರ್ ಹುಡುಗನೂ ನಿಲ್ಲಂಗಿಲ್ಲ."

"ಮಗ, ಮೊಮ್ಮಗಳು ಇದ್ದಾರಲ್ಲಮ್ಮ?"

"ಮನಿ ಮಂದಿಗೆ ಉಣಿಸಿದ್ದು ಲೆಕ್ಕಕ್ಕ ಬರಂಗಿಲ್ಲವ್ವಾ" ಎಂದು ನಕ್ಕಿದ್ದರು.

ಆದರೆ ಪಾರಿವಾಳಗಳಿಗೆ ಕಾಳು ಹಾಕಬಾರದೆಂದು ಅಸೋಸಿಯೇಷನ್ನಿನವರು ನಿಯಮ ಮಾಡಿಬಿಟ್ಟಿದ್ದರು. ಅವರನ್ನೂ ದೂರುವ ಹಾಗಿಲ್ಲ. ಕೆಳಗಿನ ಮನೆಗಳ ಎ.ಸಿ. ಮೇಲೆಲ್ಲ ಹಿಕ್ಕೆ. ನಾಲ್ಕನೇ ಮಹಡಿಯ ಒಂದು ಮಗುವಿಗೆ ಉಬ್ಬಸ, ಪಾರಿವಾಳಗಳಿಂದ ದೂರವಿಡಿ ಎಂದು ಡಾಕ್ಟರು ಹೇಳಿದ್ದರಂತೆ. ಕಾಳು ಹಾಕುವವರು ಯಾರೆಂದು ಮೀಟಿಂಗಿನಲ್ಲಿ ಕೇಳಿದಾಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಫ್ಯಾನು ನೋಡುತ್ತಾ ಕೂತಿದ್ದೆ.

ಹಾಗಿದ್ದವಳು ಆ ಬೆಳಿಗ್ಗೆ ಬರೆದೆ. ನಿಯಮ ಮರೆತುಹೋಗಿತ್ತು ಎಂದರೆ ಸುಳ್ಳಾಗುತ್ತದೆ. ಚೆನ್ನಾಗಿ ನೆನಪಿತ್ತು. ಆದರೆ ಅಜ್ಜಿಯ ಹಸಿರು ಸೀರೆ, ಚಾಚಿದ ಕೈ, ಸುತ್ತ ರೆಕ್ಕೆ ಬಡಿಯುವ ಹಕ್ಕಿಗಳು, ಇಷ್ಟನ್ನು ಬಿಟ್ಟರೆ ನನ್ನ ಚಿತ್ರ ಬರೀ ಸಿಮೆಂಟಿನ ಡಬ್ಬ. ಇದನ್ನು ಹಾಕಿದರೆ ಬಹುಮಾನ ನನಗೇ ಎಂದು ಮನಸ್ಸು ಹೇಳಿತು. ಆಸೆಗೆ ಬಿದ್ದೆ. ಬಟ್ಟಲಿನ ಹೊಳಪನ್ನೂ ಬಿಡಲಿಲ್ಲ.

ಬಹುಮಾನ ಬಂತು. ತೀರ್ಪುಗಾರರಾಗಿದ್ದ ಡ್ರಾಯಿಂಗ್ ಮೇಷ್ಟ್ರು ನನ್ನ ಕೈಗೆ ಮೈಕು ಕೊಟ್ಟರು. ನಾನು ಹಿಗ್ಗಿನಲ್ಲಿ, "ಇದರಲ್ಲಿ ಕಲ್ಪನೆ ಮಾಡಿ ಬರೆದ ಗೆರೆ ಒಂದೂ ಇಲ್ಲ, ಕಂಡದ್ದು ಕಂಡ ಹಾಗೇ ಬರೆದಿದ್ದೀನಿ" ಎಂದು ಹೇಳಿಬಿಟ್ಟೆ. ಗುಡ್ಡ ಬರೆದವರಿಗೆ ಒಂದು ಏಟು ಕೊಟ್ಟ ಹಾಗಾಯಿತೆಂದು ಖುಷಿಯೂ ಆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಚಿತ್ರಕ್ಕೆ ಫ್ರೇಮು ಹಾಕಿಸಿ ನಮ್ಮ ಕಟ್ಟಡದ ಲಿಫ್ಟಿನ ಪಕ್ಕ ತೂಗುಹಾಕಿದರು.

ಲಿಫ್ಟಿಗೆ ಕಾಯುವವರಿಗೆ ನೋಡಲು ಬೇರೇನಿರುತ್ತದೆ? ಒಂದು ಸಂಜೆ ಅಸೋಸಿಯೇಷನ್ನಿನ ಸೆಕ್ರೆಟರಿ ಗಾಜಿನ ಮೇಲೆ ಬೆರಳಿಟ್ಟು ಕೆಳಗಿನಿಂದ ಮಹಡಿ ಎಣಿಸುತ್ತಿದ್ದರು. ನನ್ನನ್ನು ಕಂಡು ಕೇಳಿದರು.

"ಮೇಡಂ, ಇದು ಫಿಫ್ತ್ ಫ್ಲೋರ್ ಕಾರ್ನರ್ ಮನೆ ಅಲ್ವಾ? ಕೈಯಲ್ಲಿ ಬಟ್ಟಲು ಬೇರೆ ಇದೆ."

"ಅದು ಸುಮ್ನೆ ಚೆಂದಕ್ಕೆ ಹಾಕಿದ್ದು ಸಾರ್."

"ಒಂದು ಗೆರೇನೂ ಕಲ್ಪನೆ ಅಲ್ಲ ಅಂತ ಮೈಕಲ್ಲಿ ನೀವೇ ಹೇಳಿದ್ರಲ್ಲ ಮೇಡಂ."

ಅವರು ವ್ಯಂಗ್ಯವಾಗಿ ಹೇಳಲಿಲ್ಲ, ನಗುತ್ತಲೇ ಹೇಳಿದರು. ಮೈಕಿನಲ್ಲಿ ಹೇಳಿದ್ದೇ ಸುಳ್ಳು ಎನ್ನಲು ನಾಲಿಗೆ ಹೊರಳಲಿಲ್ಲ. ಹೊರಳಬೇಕಿತ್ತು. ಬಹುಮಾನ ವಾಪಸ್ ಹೋದರೆ ಹೋಗಲಿ ಎಂದು ಒಂದು ಮಾತು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಯಾರೂ ಜಗಳ ಆಡಲಿಲ್ಲ. ಸೆಕ್ರೆಟರಿ ಅಜ್ಜಿಯ ಮಗನ ಹತ್ತಿರ ಮರ್ಯಾದೆಯಿಂದಲೇ ಮಾತಾಡಿದರು. ಮುಂದಿನ ಶನಿವಾರ ಇಬ್ಬರು ಕೆಲಸಗಾರರು ಬಂದು ಬಾಲ್ಕನಿಗೆ ಮೇಲಿನಿಂದ ಕೆಳಗಿನವರೆಗೆ ನೈಲಾನ್ ಬಲೆ ಬಿಗಿದು ಹೋದರು. ಉಬ್ಬಸದ ಮಗುವಿನ ತಾಯಿ ನನಗೆ ಥ್ಯಾಂಕ್ಸ್ ಹೇಳಿದಳು. ಅಜ್ಜಿಯ ಮಗ, "ಸಾರಿ ಆಂಟಿ, ಇಷ್ಟು ದಿನ ನಮಗೂ ಗೊತ್ತಾಗ್ಲಿಲ್ಲ" ಎಂದು ನನ್ನ ಹತ್ತಿರವೇ ಕ್ಷಮೆ ಕೇಳಿದ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ನಾಲ್ಕೈದು ದಿನ ಬಿಟ್ಟು ಒಂದು ಸಂಜೆ ಧೈರ್ಯ ಮಾಡಿ ಅಜ್ಜಿಯ ಹತ್ತಿರ ಹೋದೆ.

"ಚಿತ್ರ ಭಾಳ ಚಂದ ಐತಿ ತಂಗಿ, ಮೊಮ್ಮಗಳು ಫೋನಿನಾಗ ತೋರಿಸಿದ್ಲು. ನನ್ನ ಸೀರಿ ಬಣ್ಣ ಸೈತ ಹಂಗ ಬಂದೈತಿ" ಎಂದರು.

"ನಂದೇ ತಪ್ಪಮ್ಮ" ಎಂದೆ.

"ಕಂಡದ್ದು ಬರದೀ. ಅದರಾಗ ತಪ್ಪೇನೈತಿ ಬಿಡು."

ಬೈದಿದ್ದರೆ ನಾನು ಹಗುರಾಗುತ್ತಿದ್ದೆ. ಅವರು ಬೈಯಲಿಲ್ಲ. ಹೊರಡುವಾಗ ಸೊಸೆ ಬಾಗಿಲ ತನಕ ಬಂದು ಮೆಲ್ಲಗೆ ಹೇಳಿದಳು.

"ಬೆಳಿಗ್ಗೆ ಏನೂ ತಿಂತಿಲ್ಲ ಆಂಟಿ. ಮಧ್ಯಾಹ್ನ ಕೆಲಸದವರು ಬಂದ್ಮೇಲೆ ಅವರಿಗೆ ಹಾಕಿ ಆಮೇಲೆ ತಿಂತಾರೆ. ಶುಗರ್ ಮಾತ್ರೆ ಬೇರೆ ಇದೆ. ಮೊನ್ನೆ ತಲೆ ಸುತ್ತಿ ಗೋಡೆ ಹಿಡ್ಕೊಂಡ್ರು. ನಾವೆಷ್ಟು ಹೇಳಿದ್ರೂ ಕೇಳ್ತಿಲ್ಲ."

ಅಂದು ನನಗೂ ಊಟ ಸೇರಲಿಲ್ಲ. ಕೆಳಗೆ ಹೋಗಿ, ಚಿತ್ರ ತೆಗೆಸಿಬಿಡಿ ಎಂದು ಸೆಕ್ರೆಟರಿಯನ್ನು ಕೇಳಿದೆ. ಚೆನ್ನಾಗಿದೆಯಲ್ಲ ಮೇಡಂ, ಇರಲಿ ಎಂದರು. ತೆಗೆಸಿದ್ದರೂ ಬಲೆಯೇನು ಬಿಚ್ಚಿಹೋಗುತ್ತಿರಲಿಲ್ಲ. ಈಗಲೂ ಲಿಫ್ಟಿಗೆ ಕಾಯುವಾಗ ಗೋಡೆಗೆ ಬೆನ್ನು ಹಾಕಿ ನಿಲ್ಲುತ್ತೇನೆ.

ಮಾರನೆಯ ಬೆಳಿಗ್ಗೆ ಬೆಲ್ ಆಯಿತು. ಬಾಗಿಲು ತೆಗೆದರೆ ಅಜ್ಜಿ. ಒಂದು ಕೈ ಗೋಡೆಯ ಮೇಲೆ, ಇನ್ನೊಂದು ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿಪುಡಿ.

"ಉಣ್ಣವ್ವಾ" ಎಂದು ನನ್ನ ಮೇಜಿನ ಮೇಲೆ ಇಟ್ಟರು. "ನೀ ಹೊರಗಿನಾಕಿ. ನಿನಗ ಉಣಿಸಿದ್ರ ನಡೀತೈತಿ."

ನನ್ನ ತಿಂಡಿ ಆಗಲೇ ಆಗಿತ್ತು. ಆದರೂ ಕೈ ತೊಳೆದುಕೊಂಡು ಬಂದೆ. ತಟ್ಟೆಯ ಮುಂದೆ ಕೂತೆ. ಅಜ್ಜಿ ಎದುರಿನ ಕುರ್ಚಿಯಲ್ಲಿ ಕೈ ಕಟ್ಟಿಕೊಂಡು ಕೂತು ನನ್ನನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ಸಿಟ್ಟು ಕಂಡರೆ ಸಾಕು ಎಂದು ಹುಡುಕಿದೆ. ಹಸಿವು ಮಾತ್ರ ಕಂಡಿತು. ರೊಟ್ಟಿ ಮುರಿದು ಬಾಯಿಗಿಟ್ಟೆ, ಒಂದೊಂದು ತುತ್ತಿಗೂ ನೀರು ಕುಡಿದೆ.

"ಖಾರ ಆತೇನ?"

"ಇಲ್ಲಮ್ಮ."

"ಮತ್ತ ಲಗೂನ ಉಣ್ಣವ್ವಾ" ಎಂದರು ಅಜ್ಜಿ. "ನನ್ನ ಗುಳಿಗಿ ಹೊತ್ತಾತು."