ಎಲೆಗೆ ಮೊದಲು ಮುದ್ದೆ

ಹೋದ ಸೋಮವಾರ ನನ್ನ ತಂಗಿ ರತ್ನಳ ಸಂಬಂಧ ಮುರಿದುಬಿತ್ತು. ಕಾರಣ? ರಾಗಿ ಮುದ್ದೆ!

ನಗಬೇಡಿ, ಕೇಳಿ. ತಮಿಳು ಸೀಮೆಯ ಮಾರಂಡಹಳ್ಳಿಯ ನಮ್ಮ ಮನೆಗೆ ಗಂಡಿನ ಕಡೆಯವರು ಮಾತು ಮುಗಿಸಲು ಬಂದಿದ್ದರು. ಶಂಕಗಿರಿಯ ಲಾರಿ ಬಿಸಿನೆಸ್ಸಿನವರು, ಬಂದದ್ದು ಅಂಬಾಸಿಡರ್ ಕಾರಿನಲ್ಲಿ. ನಮ್ಮ ಹಾಗೆಯೇ ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತಮಿಳು.

ಅಕ್ಕಿ ಸಿಗುವುದೇ ಕಷ್ಟವಾದ ಈ ಕಾಲದಲ್ಲೂ ಅಪ್ಪ ಎಲ್ಲಿಂದಲೋ ಸಣ್ಣಕ್ಕಿ ಹೊಂದಿಸಿದ್ದರು. ‘ನಾಳೆ ಮುದ್ದೆ ಬ್ಯಾಡ ಕಣೇ’ ಎಂದೂ ಹಿಂದಿನ ದಿನವೇ ಅವ್ವನಿಗೆ ಹೇಳಿದ್ದರು. ಅವ್ವ ಅನ್ನ ಮಾಡಿದಳು. ಆದರೆ ಎಲೆಗೆ ಮೊದಲು ಬಿದ್ದದ್ದು ಬಿಸಿ ಮುದ್ದೆ, ಅವರೆಕಾಳು ಹಾಕಿದ ಸೊಪ್ಪಿನ ಸಾರು, ಹುಚ್ಚೆಳ್ಳಿನ ಚಟ್ನಿ.

ಗಂಡಿನ ಸೋದರಮಾವ ಎಲೆ ನೋಡಿದವರೇ, ‘ಎನ್ನಂಗ, ನಾಂಗ ಜೈಲುಕ್ಕಾ ವಂದಿರುಕ್ಕೋಂ? ಕಳಿ ಪೋಡ್ರೀಂಗ!’ ಎಂದರು. (ನಾವೇನು ಜೈಲಿಗೆ ಬಂದಿದ್ದೀವಾ, ಕಳಿ ಇಕ್ತೀರಲ್ಲ ಅಂತ. ಕಳಿ ಅಂದರೆ ನಮ್ಮ ಮುದ್ದೆಯೇ. ಜೈಲಿಗೆ ಹೋದವನು ಕಳಿ ತಿನ್ನುತ್ತಾನೆ ಅನ್ನುವುದು ತಮಿಳಿನ ಹಳೇ ಜೋಕು.) ಎಲ್ಲರೂ ನಕ್ಕರು. ಅಪ್ಪನೂ ನಕ್ಕರು, ಪಾಪ.

ಅವ್ವ ನಗಲಿಲ್ಲ. ‘ನಮ್ಮತ್ತೆ, ಅವರತ್ತೆ, ಎಲ್ಲಾರೂ ಬಂದೋರಿಗೆ ಇದನ್ನೇ ಇಕ್ಕಿದ್ದು. ಈ ಒಣ ನೆಲ ನಮ್ಮನ್ನ ಸಾಕಿದ್ದೂ ಇದ್ರಾಗೇ. ಅನ್ನಾನೂ ಐತೆ, ಆಮ್ಯಾಕೆ ಇಕ್ತೀನಿ. ಮೊದ್ಲು ಒಂದು ತುತ್ತು ಮುರೀರಿ.’

‘ಅದ್ನ ತೆಗೀರಿ! ಅನ್ನ ಆಕ್ರಿ!’ (ಸೋದರಮಾವನಿಗೆ ಸಿಟ್ಟು ಬಂದಾಗ ಕನ್ನಡವೇ ಬಂತು, ನೋಡಿ.)

ಗಂಡು ತಲೆ ಎತ್ತಲಿಲ್ಲ. ಅವನ ತಾಯಿ ಮಾತ್ರ, ಚಟ್ನಿ ಬಡಿಸುತ್ತಿದ್ದ ನನಗೆ ಮೆಲ್ಲಗೆ ಅಂದರು: ‘ಸಾರು ಗಮ್ ಅಂತೈತೆ ಮಗಾ. ನಮ್ಮನೇಲೂ ದಿನಾ ಇದೇನೇ.’ ಅಂದರು, ಅಷ್ಟೆ. ಮುದ್ದೆ ಮುಟ್ಟಲಿಲ್ಲ.

ಆಗ, ಬಾಗಿಲ ಮರೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ರತ್ನ ಹೊರಗೆ ಬಂದಳು. ಸೋದರಮಾವನ ಎದುರಿದ್ದ ಎಲೆಯನ್ನು ತನ್ನತ್ತ ಎಳೆದುಕೊಂಡು ಕೂತಳು. ಮುದ್ದೆ ಮುರಿದಳು, ಸಾರಿನಲ್ಲಿ ಅದ್ದಿದಳು, ನುಂಗಿದಳು.

‘ನಾನು ದಿನಾ ಉಣ್ಣೋದು ಇದನ್ನೇ. ನಿಮ್ಮನೆಗೆ ಬಂದ್ರೂ ಉಣ್ತೀನಿ. ಕದ್ದು ಅಲ್ಲ.’

ಕಾರು ಸ್ಟಾರ್ಟ್ ಆದ ಸದ್ದು ಬೀದಿಗೆಲ್ಲ ಕೇಳಿತು.

ಸಂಜೆ ಅಪ್ಪ ಅಡುಗೆಮನೆ ಬಾಗಿಲಿಗೆ ಬಂದು ನಿಂತು, ‘ಮುದ್ದೆ ಉಳಿದೈತಾ?’ ಅಂದರು. ಅವ್ವ ಎರಡು ಹಾಕಿದಳು.

ನೆಂಟರೆಲ್ಲ ಬಂದು ಬೈದು ಹೋಗುತ್ತಿದ್ದಾರೆ. ಒಂದು ಉಂಡೆಗೋಸ್ಕರ ಎಂಥಾ ಸಂಬಂಧ ಕಳಕೊಂಡಿರಿ ಅಂತ. ಕಳಕೊಂಡೆವೇ? ದಿನಾ ಉಣ್ಣುವ ಮುದ್ದೆಗೇ ನಾಚುವ ಮನೆ, ನಾಳೆ ನಮ್ಮ ಹುಡುಗಿಗೂ ನಾಚುವುದಿಲ್ಲ ಎಂದು ಗ್ಯಾರಂಟಿ ಕೊಡುವವರು ಯಾರು?