ಅಕಾರ್ಡಿಯನ್ನಿಗೆ ಬೆಲೆ ಕಟ್ಟಿದವರು

ಐರೋಲಿಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಹಳೆಯ ಸಾಮಾನಿಗೆ ಬೆಲೆ ಕಟ್ಟುವ ನೆರೆಯವರೊಬ್ಬರಿದ್ದರು. ಏನು ಕೊಟ್ಟರೂ ಕನ್ನಡಕ ಹಣೆಗೇರಿಸಿ, ಮೂಸಿ ನೋಡಿ, "ಚೀನಾ ಮಾಲು ಮಾರಾಯ್ರೆ" ಎನ್ನುವರು. ಆಮೇಲೆ ಅದು ಅಗ್ಗಕ್ಕೆ ಅವರ ಮನೆಯನ್ನೇ ಸೇರುತ್ತಿತ್ತು. ಮೇಲಿನ ಮನೆಯ ಅಕ್ಕನ ಗಡಿಯಾರವೂ ಹಾಗೆಯೇ ಹೋಗಿತ್ತು.

ಒಮ್ಮೆ ಆ ಅಕ್ಕ, ತೀರಿಹೋದ ಗಂಡನ ಅಕಾರ್ಡಿಯನ್ ತಂದು ತೋರಿಸಿದರು. ಬದಿಯಲ್ಲಿ 'ಮೇಡ್ ಇನ್ ಇಟಲಿ' ಎಂದು ಕೊರೆದಿತ್ತು. ನೆರೆಯವರ ಕನ್ನಡಕ ಮಾತ್ರ ಹಣೆಯ ಮೇಲಿತ್ತು. ಇವರು ತಿದಿಗೆ ಬಿಗಿದ ಪಟ್ಟಿಯನ್ನು ಬಿಚ್ಚದೆಯೇ ಎಳೆದಾಡಿದರು. ಸದ್ದು ಬರಲಿಲ್ಲ.

"ಚೀನಾ ಮಾಲು. ಭಂಗಾರ್‌ಗೆ, ಗುಜರಿಗೆ ಹಾಕುದೇ. ಬೇಕಾದ್ರೆ ನಾನೇ ಇಟ್ಕೊಳ್ತೇನೆ, ಅಕ್ಕ."

ಅಕ್ಕ ಪಟ್ಟಿ ಬಿಚ್ಚಿ, ವಾದ್ಯವನ್ನು ಹೆಗಲಿಗೇರಿಸಿ ನುಡಿಸತೊಡಗಿದರು. ಅಕ್ಕಪಕ್ಕದ ಬಾಗಿಲುಗಳೆಲ್ಲ ತೆರೆದುಕೊಂಡವು.

"ಇದರ ಬೆಲೆ ನನಗೆ ಗೊತ್ತುಂಟು," ಎಂದರು. "ನಿಮ್ಮದು ತಿಳ್ಕೊಳ್ಳುವಾ ಅಂತ ತಂದದ್ದು."

ನೆರೆಯವರು ಸ್ವಲ್ಪವೂ ನಾಚದೆ, ಅದನ್ನಿಡುವ ಪೆಟ್ಟಿಗೆಯನ್ನಾದರೂ ಕೊಡುವಿರಾ ಎಂದು ಕೇಳಿದರು.